ಬಿಚ್ಚಲು ಬರುವ ಸಿಂಗಾರ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಸಂಜೆ ನಾಲ್ಕೂಕಾಲರ ಸುಮಾರಿಗೇ ಮುಳುಗುತ್ತಾನೆ. ಆ ಹೊತ್ತಿಗೆ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಬಾಥೆಲ್ ಕ್ಯಾಂಪಸ್‌ಗೆ ಅಂಟಿಕೊಂಡಿರುವ ಜೌಗು ನೆಲಕ್ಕೆ ಎಲ್ಲ ದಿಕ್ಕಿನಿಂದ ಕಾಗೆಗಳು ಬಂದಿಳಿಯುತ್ತವೆ. ಚಳಿಗಾಲದ ಕೆಲವು ಸಂಜೆ ಅವುಗಳ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. ಆ ದೃಶ್ಯಕ್ಕೆಂದೇ ಜನ ಬಂದು ನಿಲ್ಲುತ್ತಾರೆ. ಕಾಗೆಗಳ ಹಾದಿಯ ಕೆಳಗೆ ಬಯಲಲ್ಲಿ ವಾಹನ ನಿಲ್ಲಿಸುವವರಿಗೆ ಮಾತ್ರ ಬೇರೆ ಚಿಂತೆ. ಹಿಕ್ಕೆ ಬಣ್ಣದ ಮೇಲೆ ಹಾಗೇ ಕೂತು ಒಣಗಿದರೆ ಮೇಲಿನ ಹೊಳಪಿನ ಪದರವನ್ನು ತಿಂದು ಗುರುತು ಬಿಡುತ್ತದೆ. ಮರದ ನೆರಳಲ್ಲಿ ನಿಂತ ಗಾಡಿಯ ಕಿಟಕಿ ರಬ್ಬರಿನ ಮೇಲೆ ಹಸಿರು ಪಾಚಿ ಏಳುತ್ತದೆ. ಬಿಸಿಲಿಗೆ ಬಿದ್ದ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಜೀಪು ಸಾಕುವುದೆಂದರೆ ಅದರ ಮೈಯನ್ನೂ ಸಾಕುವುದು.

ಸಿಯಾಟಲ್‌ನಿಂದ ಈಶಾನ್ಯಕ್ಕಿರುವ ಬಾಥೆಲ್ ಅರ್ಧ ಕಿಂಗ್ ಕೌಂಟಿಯಲ್ಲಿ, ಅರ್ಧ ಸ್ನೋಹೋಮಿಶ್ ಕೌಂಟಿಯಲ್ಲಿದೆ. ನಡುವೆ ಸಮ್ಮಾಮಿಶ್ ನದಿ ನಿಧಾನವಾಗಿ ಹರಿದು ಲೇಕ್ ವಾಷಿಂಗ್ಟನ್ ಸೇರುತ್ತದೆ. ರೆಡ್ಮಂಡ್‌ನ ಮೈಕ್ರೋಸಾಫ್ಟ್, ಸಿಯಾಟಲ್‌ನ ಅಮೆಜಾನ್, ಎವರೆಟ್‌ನ ಬೋಯಿಂಗ್ ಎಲ್ಲವೂ ಕೈಗೆಟಕುವ ದೂರದಲ್ಲಿರುವುದರಿಂದ ಕನ್ನಡದ ಮನೆಗಳೂ ಸಾಕಷ್ಟಿವೆ. ಊರಿನ ಹಿಂದೂ ದೇವಸ್ಥಾನಕ್ಕೆ ಹೊಸ ಗಾಡಿಗಳು ವಾಹನ ಪೂಜೆಗೆ ಬರುತ್ತವೆ. ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ, ಚಕ್ರದಡಿ ನಿಂಬೆಹಣ್ಣು. ಗಾಡಿಯನ್ನು ಸಿಂಗರಿಸುವುದು ನಮಗೆ ಅಮೆರಿಕ ಕಲಿಸಿದ ವಿದ್ಯೆಯಲ್ಲ. ಆಯುಧಪೂಜೆಗೆ ಲಾರಿ, ಟ್ರ್ಯಾಕ್ಟರ್, ಜೀಪುಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟುವ ನಾಡಿನವರು ನಾವು. ಮರುದಿನ ಆ ಹಾರ ಬಿಚ್ಚಿದರೆ ಗಾಡಿ ಮೊದಲಿನಂತೆಯೇ ಇರುತ್ತದೆ. ಈ ಲೇಖನದುದ್ದಕ್ಕೂ ನಾನು ಹೇಳಹೊರಟಿರುವುದೂ ಅದನ್ನೇ. ಕಾಡುದಾರಿಯ ಗಾಡಿಗೆ ನಮ್ಮ ಕೈಯಾರೆ ಏನೇ ಹಾಕಿದರೂ ಅದನ್ನು ನಾಳೆ ಬಿಚ್ಚಲು ಬರಬೇಕು, ಬಿಚ್ಚಿದ ಜಾಗದಲ್ಲಿ ಗಾಯ ಉಳಿಯಬಾರದು.

ನನಗೆ ಈ ಮಾತನ್ನು ಮನದಟ್ಟು ಮಾಡಿದವರು ಮೂಡಿಗೆರೆಯ ದೊಡ್ಡಪ್ಪ. ತೋಟದಲ್ಲಿ ಅವರ ಹಳೆಯ ಮಹೀಂದ್ರ ಜೀಪಿದೆ. ನನ್ನ ರ್ಯಾಂಗ್ಲರ್ ಜೀಪಿನ ಪಕ್ಕಕ್ಕೊಂದು ಸಲಿಕೆ ಕೂರಿಸುವ ಕ್ಲಾಂಪ್ ತಂದಿದ್ದೇನೆಂದು ವಿಡಿಯೋ ಕರೆಯಲ್ಲಿ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗಾ, ಅದಕ್ಕೆ ಮೈಗೆ ತೂತು ಹೊಡೀಬೇಕೇನೋ?" ಹೊಡೆಯಬೇಕು ಎಂದೆ. "ಹಂಗಾದ್ರೆ ಬ್ಯಾಡ. ಮಳೆಗಾಲದ ನೀರು ತೂತು ಹುಡುಕ್ಕೊಂಡೇ ಬರ್ತದೆ" ಎಂದರು. ಮಲೆನಾಡಿನ ಮಳೆಯಲ್ಲಿ ತಗಡು ಹೇಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ ಎಂಬುದನ್ನು ಕಂಡವರ ಮಾತದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬಿದ್ದರೆ ಸಿಯಾಟಲ್‌ನಲ್ಲಿ ಬೀಳುವುದು ಸುಮಾರು 1,000 ಮಿಲಿಮೀಟರ್ ಅಷ್ಟೇ. ಆದರೆ ಇಲ್ಲಿನ ಮಳೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಜಿಟಿಜಿಟಿ ಎಂದು ಎಳೆಯುತ್ತದೆ. ತೇವ ಆರಲು ಬಿಡುವು ಕೊಡುವುದಿಲ್ಲ. ಮೇಲಿಂದ ಚಳಿಗಾಲದಲ್ಲಿ ಕಣಿವೆ ರಸ್ತೆಗಳ ಮೇಲೆ ಹಿಮ ಕರಗಿಸಲು ಉಪ್ಪುನೀರು ಚಿಮುಕಿಸುತ್ತಾರೆ. ಅದು ಗಾಡಿಯ ಅಡಿಭಾಗಕ್ಕೆಲ್ಲ ಮೆತ್ತಿಕೊಳ್ಳುತ್ತದೆ.

ಜೀಪು ಹುಟ್ಟಿದ್ದೇ ಬಿಚ್ಚಿ ಜೋಡಿಸುವ ಗಾಡಿಯಾಗಿ. 1941ರ ವಿಲ್ಲೀಸ್ ಎಂಬಿ ಮಾದರಿಗೆ ಮಡಚುವ ಮುಂಗಾಜು, ಬಟ್ಟೆಯ ಹುಡ್ಡು ಇದ್ದವು. ಪಕ್ಕಕ್ಕೆ ಸಲಿಕೆ ಮತ್ತು ಕೊಡಲಿ ಕಟ್ಟಲು ಜಾಗ, ಹಿಂದೆ ಇಂಧನದ ಕ್ಯಾನು. ಇಂದು ಅಂಗಡಿಯಲ್ಲಿ ಆಕ್ಸೆಸರಿ ಎಂದು ಮಾರುವ ಅರ್ಧದಷ್ಟು ಸಾಮಾನು ಅಂದಿನ ಸೈನಿಕರ ನಿತ್ಯದ ಸರಂಜಾಮು. ಯುದ್ಧ ಮುಗಿದ ಮೇಲೆ 1945ರಲ್ಲಿ ರೈತರಿಗೆಂದು ಸಿಜೆ-2ಎ ಬಂತು. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಭಾರತಕ್ಕೆ ತಂದು ಜೋಡಿಸತೊಡಗಿತು. ಮುಂದೆ ಕೊಡಗು, ಸಕಲೇಶಪುರ, ಕಳಸದ ಕಾಫಿ ಸೀಮೆಯಲ್ಲಿ ಜೀಪು ಮನೆಯ ಒಬ್ಬ ಆಳಿನಂತೆ ದುಡಿಯಿತು. ಈಗಲೂ ಮಾಂದಲಪಟ್ಟಿಗೋ ಕ್ಯಾತನಮಕ್ಕಿಗೋ ಪ್ರವಾಸಿಗರನ್ನು ಹತ್ತಿಸುವುದು ಬಾಡಿಗೆ ಜೀಪುಗಳೇ. ಅವುಗಳ ಹುಡ್ಡು ಹರಿದರೆ ಹೊಲಿಗೆ, ಸೀಟು ಹರಿದರೆ ರೆಕ್ಸಿನ್, ಬಂಪರ್ ಸೊಟ್ಟಗಾದರೆ ಊರಿನ ವೆಲ್ಡಿಂಗ್ ಅಂಗಡಿ.

ರ್ಯಾಂಗ್ಲರ್ ಎಂಬ ಹೆಸರು ಬಂದದ್ದು 1986ರಲ್ಲಿ. ಈಗಿನ ಜೆಎಲ್ ಪೀಳಿಗೆ 2018ರ ಮಾದರಿಯಾಗಿ ಹೊರಬಿತ್ತು. ಅದರಲ್ಲೂ ಹಳೆಯ ಗುಣ ಉಳಿದಿದೆ. ಬಾಗಿಲು, ಛಾವಣಿ ಬಿಚ್ಚಬಹುದು, ಮುಂಗಾಜು ಮಲಗಿಸಬಹುದು. ಅದಕ್ಕೆ ಬೇಕಾದ ಸಣ್ಣ ಸ್ಪ್ಯಾನರ್ ಗಂಟು ಗಾಡಿಯ ಜೊತೆಗೇ ಬರುತ್ತದೆ. ಯಾವ ಬೋಲ್ಟಿಗೆ ಯಾವ ಅಳತೆಯೆಂದು ಬಾಗಿಲ ಕೀಲಿನ ಮೇಲೇ ಅಚ್ಚೊತ್ತಿರುತ್ತಾರೆ. ಹೊಸಬರು ಮೊದಲು ಈ ಬೋಲ್ಟುಗಳ ಪರಿಚಯ ಮಾಡಿಕೊಳ್ಳಬೇಕು ಎನ್ನುತ್ತೇನೆ ನಾನು. ಗಾಡಿಯಲ್ಲಿ ಈಗಾಗಲೇ ಇರುವ ಬೋಲ್ಟಿನ ಕೆಳಗೆ ಒಂದು ಬ್ರ್ಯಾಕೆಟ್ ಸಿಕ್ಕಿಸಿ ಅದೇ ಬೋಲ್ಟನ್ನು ಮತ್ತೆ ಬಿಗಿದರೆ ದೀಪ, ಕನ್ನಡಿ, ಕಾಲು ಇಡುವ ಪೆಗ್ಗು, ಫೋನ್ ಹಿಡಿಕೆ ಎಲ್ಲವೂ ಕೂರುತ್ತವೆ. ಡ್ರಿಲ್ ಮೆಷಿನ್ ಕಪಾಟಿನಿಂದ ಹೊರಗೆ ಬರುವ ಅಗತ್ಯವೇ ಇಲ್ಲ.

ಬೆಂಗಳೂರಿನಲ್ಲಾದರೆ ಇಂಥ ಕೆಲಸಕ್ಕೆ ಜೆ.ಸಿ. ರಸ್ತೆಗೆ ಹೋಗುತ್ತೇವೆ. ಅಂಗಡಿಯ ಹುಡುಗ ರಸ್ತೆ ಬದಿಯಲ್ಲೇ ಅರ್ಧ ಗಂಟೆಯಲ್ಲಿ ಹಾಕಿ ಕೊಡುತ್ತಾನೆ. ಬಾಥೆಲ್‌ನಲ್ಲಿ ಸಾಮಾನಿನ ಬೆಲೆಗಿಂತ ಕೂಲಿಯೇ ದುಬಾರಿ, ಗಂಟೆಗೆ ನೂರು ಡಾಲರ್ ದಾಟುವುದು ಮಾಮೂಲು. ಹಾಗಾಗಿ ಸಾಫ್ಟ್‌ವೇರ್ ಕೆಲಸದ ಮಂದಿಯೂ ಶನಿವಾರ ಗ್ಯಾರೇಜಿನ ಕದ ಎತ್ತಿ ಕೈ ಮಸಿ ಮಾಡಿಕೊಳ್ಳುತ್ತಾರೆ. ಟಾರ್ಕ್ ರೆಂಚ್‌ನಂಥ ದುಬಾರಿ ಉಪಕರಣವನ್ನು ಕೊಳ್ಳಲೇಬೇಕಿಲ್ಲ. ಆಟೋಜೋನ್, ಒ'ರೈಲಿಯಂಥ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ, ಹಿಂತಿರುಗಿಸಿದರೆ ಹಣ ವಾಪಸ್. ಖರ್ಚು ಉಳಿಸಲು ಶುರುವಾದ ಈ ಕೆಲಸದಿಂದ ಗಾಡಿಯ ಮೈ ಬೆರಳಿಗೆ ಪರಿಚಯವಾಗುತ್ತದೆ. ಎಲ್ಲಿ ಕ್ಲಿಪ್ಪಿದೆ, ಎಲ್ಲಿ ವೈರು ಹಾದುಹೋಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ತಿಳಿದಿದ್ದರೆ ಕಾಡಿನಲ್ಲಿ ಕೆಟ್ಟು ನಿಂತಾಗ ಅದೇ ಕೈಹಿಡಿಯುತ್ತದೆ.

ಮೊದಲ ಕೆಲಸವಾಗಿ ನಾನು ಯಾರಿಗೇ ಆದರೂ ಸೂಚಿಸುವುದು ಬೂದಿಯಾದ ಪ್ಲಾಸ್ಟಿಕ್ಕನ್ನು ಕಪ್ಪಗೆ ಮಾಡುವುದು. ಚಕ್ರದ ಮೇಲಿನ ಫ್ಲೇರ್, ಬಂಪರ್, ಕನ್ನಡಿಯ ಹೊದಿಕೆ ಇವೆಲ್ಲ ಬಣ್ಣ ಬಳಿಯದ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣ ಅದರ ಮೇಲ್ಪದರವನ್ನು ಒಡೆಯುತ್ತದೆ. ಹೀಟ್ ಗನ್ ಹಿಡಿದು ಕಾಯಿಸಿದರೆ ಕಪ್ಪು ಮರಳುತ್ತದೆ ಎಂದು ಹಲವರು ತೋರಿಸುತ್ತಾರೆ. ಮರಳುವುದು ನಿಜ, ಆದರೆ ಪಟ್ಟೆಪಟ್ಟೆಯಾಗಿ, ಅದೂ ಕೆಲಕಾಲಕ್ಕೆ. ಮೇಲಾಗಿ ಒಮ್ಮೆ ಕರಗಿ ಹೊಳಪಾದ ಪ್ಲಾಸ್ಟಿಕ್ ಮತ್ತೆ ಮೊದಲಿನ ಒರಟುತನಕ್ಕೆ ಬರುವುದಿಲ್ಲ. ಅದರ ಬದಲು ಸೋಪಿನಲ್ಲಿ ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ, ಆಮೇಲೆ ಸೆರಾಮಿಕ್ ಲೇಪನದ ದ್ರವವನ್ನು ತೆಳ್ಳಗೆ ಹಚ್ಚಬೇಕು. ಶ್ರಮವಿರುವುದು ಉಜ್ಜುವುದರಲ್ಲಿ, ಹಚ್ಚುವುದಕ್ಕೆ ಹೆಚ್ಚು ಹೊತ್ತು ಬೇಡ.

ಗ್ರಿಲ್ಲು, ಲೋಗೋ, ಚಕ್ರದ ರಿಮ್ಮುಗಳ ಬಣ್ಣ ಬದಲಿಸಬೇಕೆನ್ನುವವರಿಗೆ ಪ್ಲಾಸ್ಟಿ ಡಿಪ್ ಎಂಬ ರಬ್ಬರಿನ ಸ್ಪ್ರೇ ಇದೆ. ಬೇಡವಾದ ದಿನ ಅದನ್ನು ಸಿಪ್ಪೆಯಂತೆ ಸುಲಿದು ತೆಗೆಯಬಹುದು. ಇಲ್ಲಿ ಎರಡು ಎಚ್ಚರ ಬೇಕು. ಪದರ ತೆಳುವಾದರೆ ಸುಲಿಯುವಾಗ ಚೂರುಚೂರಾಗಿ ಹರಿಯುತ್ತದೆ, ಆದ್ದರಿಂದ ನಾಲ್ಕೈದು ಸುತ್ತು ಹೊಡೆಯಬೇಕು. ಕೊನೆಯ ಸುತ್ತು ಹಸಿಯಿರುವಾಗಲೇ ಅಂಚಿನ ಟೇಪನ್ನು ಎಳೆಯಬೇಕು, ಒಣಗಿದ ಮೇಲೆ ಎಳೆದರೆ ಬಣ್ಣವೂ ಟೇಪಿನ ಜೊತೆಗೆ ಏಳುತ್ತದೆ. ಚಳಿ ಹತ್ತು ಡಿಗ್ರಿಗಿಂತ ಕೆಳಗಿದ್ದರೆ ಡಬ್ಬಿ ಮುಟ್ಟಬೇಡಿ. ಬಾಥೆಲ್‌ನಲ್ಲಿ ಇದಕ್ಕೆ ಒಳ್ಳೆಯ ತಿಂಗಳು ಜುಲೈ ಮತ್ತು ಆಗಸ್ಟ್. ಆಗ ವಾರಗಟ್ಟಲೆ ಮಳೆ ಇರುವುದಿಲ್ಲ. ಮಲೆನಾಡಿನವರು ಇದೇ ಕೆಲಸವನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳುವುದು ಲೇಸು.

ಅಂಟು ಟೇಪಿಗೂ ಹವೆ ಮುಖ್ಯ. ಲೋಗೋ, ಅಂಚುಪಟ್ಟಿಗಳಿಗೆ ಬಳಸುವ 3ಎಂ ಕಂಪನಿಯ ವಿಎಚ್‌ಬಿ ಟೇಪು ಹಚ್ಚಿದ ಇಪ್ಪತ್ತು ನಿಮಿಷಕ್ಕೆ ಅರ್ಧದಷ್ಟು ಬಿಗಿ ಹಿಡಿಯುತ್ತದೆ. ಪೂರ್ತಿ ಬಿಗಿ ಬರಲು 72 ಗಂಟೆ ಬೇಕು. ಬೆಳಿಗ್ಗೆ ಅಂಟಿಸಿ ಮಧ್ಯಾಹ್ನ ಮಳೆಯಲ್ಲಿ ಹೊರಟರೆ ಯಾವ ಟೇಪೂ ನಿಲ್ಲದು.

ಇನ್ನು ಬಾನೆಟ್. ಅದರ ನಡುವೆ ಹೊಳಪಿಲ್ಲದ ಕಪ್ಪು ವಿನೈಲ್ ಹಾಳೆ ಅಂಟಿಸುವುದು ಬರಿ ನೋಟಕ್ಕೆಂದು ಹಲವರು ತಿಳಿದಿದ್ದಾರೆ, ಆದರೆ ಅದಕ್ಕೊಂದು ಕೆಲಸವಿದೆ. ಎರಡನೇ ಮಹಾಯುದ್ಧದ ವಿಮಾನಗಳ ಮೂತಿಯ ಮೇಲೆ, ಪೈಲಟ್‌ನ ಕಣ್ಣಿಗೆ ಬಿಸಿಲು ಪ್ರತಿಫಲಿಸದಂತೆ, ಇಂಥದೇ ಮಂಕು ಬಣ್ಣ ಬಳಿಯುತ್ತಿದ್ದರು. ಛಾವಣಿಯ ಮೇಲೆ ದೀಪವಿದ್ದರೆ ಅದರ ಬೆಳಕು ಬಿಳಿ ಬಾನೆಟ್ಟಿನಿಂದ ಚಿಮ್ಮಿ ನೇರ ಕಣ್ಣಿಗೆ ಬರುತ್ತದೆ. ಕಪ್ಪು ಹಾಳೆ ಅದನ್ನು ತಡೆಯುತ್ತದೆ. ಉಪಯೋಗ ಮತ್ತು ಚಂದ ಎರಡೂ ಒಂದೇ ಕಡೆ ಕೂಡಿಬಂದ ಈ ಅಲಂಕಾರ ನನಗೆ ಬಲು ಇಷ್ಟ. ಅಂಟಿಸುವಾಗ ಬ್ಲೇಡಿನಿಂದ ಬಣ್ಣದ ಮೇಲೇ ಕೊಯ್ಯಬಾರದು. ಒಳಗೆ ದಾರವಿರುವ ಟೇಪನ್ನು ಮೊದಲು ಅಂಟಿಸಿ, ಮೇಲೆ ಹಾಳೆ ಹಾಸಿ, ದಾರ ಎಳೆದರೆ ಹಾಳೆ ನೇರವಾಗಿ ಕತ್ತರಿಸಿಕೊಳ್ಳುತ್ತದೆ. ಕೊನೆಗೆ ಅಂಚುಗಳನ್ನು ಹೀಟ್ ಗನ್‌ನಿಂದ ಕಾಯಿಸಬೇಕು. ಆಗ ಹಿಗ್ಗಿದ ವಿನೈಲ್ ಮತ್ತೆ ಕುಗ್ಗಿ ಏಳುವುದಿಲ್ಲ. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಮರಳು ಬಣ್ಣ, ಕೆಂಪು ಪಟ್ಟೆಯ ರ್ಯಾಂಗ್ಲರನ್ನು ನೆನೆದು ಗಾಡಿಗೆ ಪಟ್ಟೆ ಅಂಟಿಸುವವರು ಇಂದಿಗೂ ಇದ್ದಾರೆ. ಆ ಪಟ್ಟೆಗಳೂ ವಿನೈಲೇ ಆದರೆ ಮಾರುವ ದಿನ ತೆಗೆದುಬಿಡಬಹುದು.

ಜೆಎಲ್ ಗಾಡಿಯ ಬಾನೆಟ್, ಬಾಗಿಲುಗಳು ಅಲ್ಯೂಮಿನಿಯಂನವು. ಅಯಸ್ಕಾಂತದ ಸ್ಟಿಕ್ಕರ್ ಅಲ್ಲಿ ನಿಲ್ಲದು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಅಲ್ಯೂಮಿನಿಯಂಗೆ ಉಕ್ಕಿನ ಸ್ಕ್ರೂ ನೇರವಾಗಿ ತಾಗಿ ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿಯಾಗುತ್ತದೆ. ಆಗ ಸವೆಯುವುದು ಸ್ಕ್ರೂ ಅಲ್ಲ, ಬಾನೆಟ್ಟು. ಬಣ್ಣದಡಿ ಗುಳ್ಳೆಗಳೆದ್ದು ಬಿಳಿ ಪುಡಿ ಉದುರತೊಡಗುತ್ತದೆ. ಉಕ್ಕಿನ ಬ್ರ್ಯಾಕೆಟ್ ಮತ್ತು ಮೈಯ ನಡುವೆ ನೈಲಾನ್ ವಾಷರ್ ಅಥವಾ ರಬ್ಬರಿನ ತುಂಡು ಇಡುವುದು ಇದಕ್ಕೆ ಪರಿಹಾರ. ಪಣಂಬೂರು, ಮಲ್ಪೆಯ ಕಡಲ ಗಾಳಿಯಲ್ಲಿ ಗಾಡಿ ಇಟ್ಟವರಿಗೂ ಈ ವಾಷರ್ ಬೇಕೇ ಬೇಕು.

ದೀಪದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ತಪ್ಪಿದರೆ ಗಾಡಿಗೆ ಬೆಂಕಿ ಹೊತ್ತಬಹುದು. 120 ವ್ಯಾಟ್‌ನ ಎಲ್‌ಇಡಿ ಬಾರ್ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಕಾದು ಕರಗುತ್ತದೆ. ಅದಕ್ಕೇ ರಿಲೇ ಬೇಕು. ರಿಲೇಯ ಕಾಲುಗಳ ಮೇಲಿನ ಅಂಕಿಗಳು ಜರ್ಮನಿಯ ಮಾನಕದಿಂದ ಬಂದವು, ಹೆಚ್ಚಿನ ಕಡೆ ಒಂದೇ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ವೈರು, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್ಚು, 85 ಅರ್ತ್. ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯನ್ನು ಎಳೆಯುವಷ್ಟು ಸಣ್ಣ ಕರೆಂಟು ಮಾತ್ರ. ಈ ದೀಪಕ್ಕೆ 15 ಆಂಪಿಯರ್ ಫ್ಯೂಸ್ ಸಾಕು. ಅದನ್ನು ದೀಪದ ಬಳಿ ಹಾಕಿದರೆ ಪ್ರಯೋಜನವಿಲ್ಲ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ನಡುದಾರಿಯಲ್ಲಿ ವೈರು ಚೂಪು ತಗಡಿಗೆ ಉಜ್ಜಿ ಸಿಪ್ಪೆ ಹೋದರೆ ಉಳಿಸುವುದು ಆ ಫ್ಯೂಸ್ ಒಂದೇ. ಬೆಂಗಳೂರಿನಲ್ಲಿ ಹಾಕಿಸಿದರೂ ಬಾಥೆಲ್‌ನಲ್ಲಿ ಹಾಕಿದರೂ ದೀಪ ಹೊತ್ತಿತೇ ಎಂದು ನೋಡುವ ಮುನ್ನ ಫ್ಯೂಸ್ ಎಲ್ಲಿದೆ ಎಂದು ನೋಡಿ.

ಛಾವಣಿ ಮೇಲಿನ ದೊಡ್ಡ ಬಾರ್ ಫೋಟೋದಲ್ಲಿ ಚೆನ್ನ. ಮಂಜಿನಲ್ಲಿ, ಜಡಿಮಳೆಯಲ್ಲಿ ಅದನ್ನು ಹೊತ್ತಿಸಿದರೆ ಹನಿಗಳಿಗೆ ಬಡಿದ ಬೆಳಕು ಹಿಂದಿರುಗಿ ಮುಂದೆ ಬಿಳಿ ಗೋಡೆಯೊಂದೇ ಕಾಣುತ್ತದೆ. ಮುಂಬಂಪರ್ ಮಟ್ಟದಲ್ಲಿ, ಅಗಲಕ್ಕೆ ಹರಡುವ ಹಳದಿ ದೀಪದ ಜೋಡಿ ಈ ಹವೆಗೆ ಹೊಂದುತ್ತದೆ. ಚಾರ್ಮಾಡಿ ಘಾಟಿಯ ಮಂಜಿಗೂ ಅದೇ ಸರಿ. ಎದುರು ಗಾಡಿ ಬರುವ ರಸ್ತೆಯಲ್ಲಿ ಎಲ್‌ಇಡಿ ಬಾರ್ ಹೊತ್ತಿಸುವುದು ಎಲ್ಲಿಯೂ ಸಲ್ಲದು. ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕುವ ದೀಪಗಳ ಮೇಲೆ ಪ್ರಕರಣ ದಾಖಲಿಸತೊಡಗಿದ್ದು ಸರಿಯಾದ ಹೆಜ್ಜೆ.

ಕಾನೂನಿನ ವಿಷಯಕ್ಕೆ ಬಂದರೆ ಎರಡು ನಾಡಿನ ದಾರಿ ಬೇರೆ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೂ ಮಾಲೀಕರಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ವಿರುದ್ಧ ರಾಜ್ಯಗಳಿಗೆ ಬರೆದಿತ್ತು. ಮುಂದೆ ಕಟ್ಟಿದ ಆ ಕಬ್ಬಿಣದ ಚೌಕಟ್ಟು ಪಾದಚಾರಿಗೆ ಮಾರಕ, ಡಿಕ್ಕಿಯ ಹೊಡೆತವನ್ನು ನೇರ ಚಾಸಿಗೆ ಮುಟ್ಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ಕೆಡಿಸಬಹುದು. ಮಹೀಂದ್ರದ ಥಾರ್ ಕೊಂಡ ಹುಡುಗರು ಇದರಿಂದ ಬೇಸರಗೊಳ್ಳಬೇಕಿಲ್ಲ. ಒಳಗಿನ ಮ್ಯಾಟು, ಸೀಟ್ ಕವರ್, ವಸ್ತು ಇಡುವ ಜಾಲರಿ, ಪ್ಲಾಸ್ಟಿಕ್‌ನ ಲೇಪನ ಇಂಥವಕ್ಕೆಲ್ಲ ಯಾವ ಅಡ್ಡಿಯೂ ಇಲ್ಲ.

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಮಾಲೀಕರ ಪರವಾಗಿದೆ. ಹೊರಗಿನ ಬಿಡಿಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ, ಆ ಭಾಗದಿಂದಲೇ ಕೆಟ್ಟಿತೆಂದು ತೋರಿಸಬೇಕು. ಹಾಗೆಂದು ವಾಷಿಂಗ್ಟನ್ ರಾಜ್ಯದಲ್ಲಿ ಎಲ್ಲಕ್ಕೂ ಪರವಾನಗಿ ಇಲ್ಲ. ನಂಬರ್ ಪ್ಲೇಟು ಹಿಂದೆ ಮುಂದೆ ಎರಡೂ ಕಡೆ ಕಾಣಬೇಕು. ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಕೂರಿಸಿ ಮುಂದಿನ ಪ್ಲೇಟನ್ನು ಮುಚ್ಚುವಂತಿಲ್ಲ. ಚಕ್ರದಿಂದ ಕೆಸರುನೀರು ಎರಚದಂತೆ ಹೊದಿಕೆಯೋ ಮಡ್‌ಫ್ಲ್ಯಾಪೋ ಇರಲೇಬೇಕು.

ಇಲ್ಲಿನ ಜೀಪುಗಳ ಡ್ಯಾಶ್‌ಬೋರ್ಡಿನ ಮೇಲೆ ಕಾಣುವ ರಬ್ಬರ್ ಬಾತುಕೋಳಿಗಳ ಬಗ್ಗೆ ಒಂದು ಮಾತು. ಕೆನಡಾದ ಒಂಟಾರಿಯೋದಲ್ಲಿ 2020ರಲ್ಲಿ ಆಲಿಸನ್ ಪಾರ್ಲಿಯಮೆಂಟ್ ಎಂಬ ಹೆಣ್ಣುಮಗಳು, ಅಪರಿಚಿತನೊಬ್ಬನ ಒರಟುತನದಿಂದ ನೊಂದ ದಿನ, ಬೇರೊಬ್ಬರ ಜೀಪಿನ ಮೇಲೆ ಬಾತುಕೋಳಿಯೊಂದನ್ನು ಇಟ್ಟು ಮೆಚ್ಚುಗೆಯ ಚೀಟಿ ಬರೆದರು. ಹೀಗೆ ಅಪರಿಚಿತರ ಜೀಪಿಗೆ ಬಾತುಕೋಳಿ ಕೊಡುವ ರೂಢಿ ಎಲ್ಲ ಕಡೆ ಹಬ್ಬಿತು. ಆಕೆ 2024ರಲ್ಲಿ ತೀರಿಕೊಂಡರು. ಬಾಥೆಲ್‌ನ ಅಂಗಡಿಗಳ ಪಾರ್ಕಿಂಗ್‌ನಲ್ಲಿ ಸಾಲು ಸಾಲು ಬಾತುಕೋಳಿ ಕೂರಿಸಿಕೊಂಡ ಜೀಪು ಕಂಡರೆ ಪಕ್ಕದಲ್ಲೇ ಗಣಪತಿಯೂ ಇರುವುದುಂಟು. ಎರಡಕ್ಕೂ ಸಣ್ಣ ಅಂಟು ಸಾಕು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದ ಮೇಲೆ ಮಾತ್ರ ಏನನ್ನೂ ಇಡಬಾರದು.

ಇಷ್ಟೆಲ್ಲ ಹಾಕಿದ ಗಾಡಿಯನ್ನು ಎಲ್ಲಿಗೆ ಒಯ್ಯುವುದು? ಬಾಥೆಲ್‌ನಿಂದ 522ನೇ ಹೆದ್ದಾರಿಯಲ್ಲಿ ಮನ್ರೋ ತಲುಪಿ, ಅಲ್ಲಿಂದ ಯುಎಸ್-2 ಹಿಡಿದು ಸ್ಕೈಕೋಮಿಶ್ ನದಿಯ ಜೊತೆ ಸಾಗಿದರೆ ಗೋಲ್ಡ್ ಬಾರ್ ಊರಿನಾಚೆ ರೈಟರ್ ಫುಟ್‌ಹಿಲ್ಸ್ ಅರಣ್ಯ ಸಿಗುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಅಲ್ಲಿ ಫೋರ್ ವ್ಹೀಲ್ ಗಾಡಿಗಳಿಗೆ ಪ್ರತ್ಯೇಕ ದಾರಿಗಳನ್ನು ಮಾಡಿದೆ. ಇಕ್ಕಟ್ಟಿನ ದಾರಿಯಲ್ಲಿ ಕೊಂಬೆಗಳು ಬಣ್ಣದ ಮೇಲೆ ಗೀರೆಳೆಯುತ್ತವೆ. ನಮ್ಮಲ್ಲಿ ಲಂಟಾನ ಮಾಡುವ ಕೆಲಸವನ್ನು ಇಲ್ಲಿ ಬ್ಲ್ಯಾಕ್‌ಬೆರಿ ಮುಳ್ಳು ಮಾಡುತ್ತದೆ. ಎರಡೂ ಹೊರಗಿನಿಂದ ಬಂದು ಬೇರೂರಿದ ಗಿಡಗಳು. ಬಾಗಿಲುಗಳಿಗೆ ಹಚ್ಚುವ ಪಾರದರ್ಶಕ ಹಾಳೆ ಆ ಗೀರುಗಳನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ.

ಟೈರಿನ ವಿಚಾರದಲ್ಲಿ ನನ್ನ ನಿಲುವು ಗಟ್ಟಿ. ಕಂಪನಿ ಕೊಟ್ಟ ಅಳತೆಯೇ ಇರಲಿ. 31 ಇಂಚಿನ ಬದಲು 33 ಇಂಚು ಹಾಕಿ ಸ್ಪೀಡೋಮೀಟರ್ ಸರಿಪಡಿಸದಿದ್ದರೆ ಮುಳ್ಳು 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ. ಬ್ರೇಕಿನ ಭಾರವೂ ಹೆಚ್ಚುತ್ತದೆ. ಇನ್ನೊಂದು ಕಾರಣ ಈ ಊರಿನದೇ ಹೊಳೆಗಳದು. ಟೈರು ಬಿರುಕು ಬಿಡದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್ ಜೊತೆ ಸೇರಿ ಉಂಟಾಗುವ ವಸ್ತು ಮಳೆನೀರಿನೊಂದಿಗೆ ಹೊಳೆಗೆ ಇಳಿದು ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆ ಎಂದು 2020ರ ಡಿಸೆಂಬರ್‌ನಲ್ಲಿ ಇದೇ ರಾಜ್ಯದ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಥೆಲ್‌ನ ನಾರ್ತ್ ಕ್ರೀಕ್ ಸಾಲ್ಮನ್ ಬರುವ ತೊರೆ. ಅಗಲ ಟೈರು, ಹೆಚ್ಚಿನ ತೂಕ, ಹೆಚ್ಚು ಸವೆತ ಎಲ್ಲದರ ಪುಡಿಯೂ ಕೊನೆಗೆ ಸೇರುವುದು ಇಂಥ ತೊರೆಗಳಿಗೇ.

ಗಾಡಿ ತೊಳೆಯುವಾಗಲೂ ಇದನ್ನೇ ನೆನಪಿಡಬೇಕು. ಮನೆ ಮುಂದಿನ ಕಾಂಕ್ರೀಟಿನ ಮೇಲೆ ಸೋಪು ಹಾಕಿ ತೊಳೆದರೆ ಆ ನೀರು ರಸ್ತೆಯ ಮಳೆನೀರು ಚರಂಡಿಯಿಂದ ಶುದ್ಧವಾಗದೆಯೇ ಹೊಳೆಗೆ ಹೋಗುತ್ತದೆ. ಕಾರ್ ವಾಷ್ ಅಂಗಡಿಯ ನೀರು ಒಳಚರಂಡಿ ಸೇರಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಹಾಗಾಗಿ ಕಾಡಿನಿಂದ ಹೊರಡುವ ಮುನ್ನ ದಪ್ಪ ಕೆಸರನ್ನು ಅಲ್ಲೇ ಕೆರೆದು ಉದುರಿಸಿ, ದಾರಿಯಲ್ಲಿ ಸಿಗುವ ಕಾರ್ ವಾಷ್‌ನಲ್ಲಿ ಅಡಿಭಾಗ ತೊಳೆಸಿ, ಗ್ಯಾರೇಜಿಗೆ ಬಂದ ಮೇಲೆ ಟಾರ್ಚ್ ಹಿಡಿದು ಬೋಲ್ಟುಗಳನ್ನು ನೋಡುವುದು ನಮ್ಮ ರೂಢಿ. ಬಿಗಿಯುವಾಗಲೇ ಪ್ರತಿ ಬೋಲ್ಟಿನಿಂದ ಬ್ರ್ಯಾಕೆಟ್ಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಬಿಳಿ ಗೆರೆ ಎಳೆದಿಟ್ಟಿರುತ್ತೇವೆ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಬೋಲ್ಟು ಸಡಿಲವಾಗಿದೆ ಎಂದರ್ಥ, ಮುಂದಿನ ಪ್ರಯಾಣಕ್ಕೆ ಮೊದಲು ಅದನ್ನು ಮತ್ತೆ ಬಿಗಿಯಬೇಕು.